ಗಿಟ್‌ಹಬ್ ಪಾಸ್‌ವರ್ಡ್ ಕೇಳೋದಿಲ್ಲ, ಕೀಲಿ ಕೇಳುತ್ತೆ: ಎಸ್‌ಎಸ್‌ಎಚ್ ಕೀ ಅಂದ್ರೇನು, ಮಾಡ್ಕೊಳ್ಳೋದು ಹೇಗೆ?

(ಸಂಚಿಕೆಯ ಬರಹ ರೂಪ. ಕೇಳೋಕೆ ಟೈಮ್ ಇಲ್ಲದವರು ಓದ್ಕೊಳ್ಳಿ. ಕಮಾಂಡ್‌ಗಳನ್ನ ಆಡಿಯೋದಲ್ಲಿ ಓದಿ ಹೇಳಿದ ಹಾಗೇ ಇಲ್ಲಿ ಕೊಟ್ಟಿದ್ದೀವಿ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ.)

ಇವತ್ತಿನ ಸಂಚಿಕೆ ಒಂದು ಎರರ್ ಮೆಸೇಜ್ ಬಗ್ಗೆ. ಕಂಪ್ಯೂಟರ್ ಸೈನ್ಸ್ ಓದ್ತಿರೋರು, ಮೊದಲ ಇಂಟರ್ನ್‌ಶಿಪ್‌ಗೆ ಸೇರಿರೋರು, ಮನೇಲೇ ಕೂತು ವಿಡಿಯೋ ನೋಡ್ಕೊಂಡು ಕೋಡಿಂಗ್ ಕಲೀತಿರೋರು, ಎಲ್ಲರೂ ಒಂದಲ್ಲ ಒಂದು ದಿನ ಇದನ್ನ ನೋಡೇ ನೋಡ್ತೀರಿ.

ಕೋಡ್ ಬರೆದಾಯ್ತು. ಗಿಟ್ ಪುಶ್ ಕೊಟ್ರಿ. ಯೂಸರ್‌ನೇಮ್ ಕೇಳ್ತು, ಕೊಟ್ರಿ. ಪಾಸ್‌ವರ್ಡ್ ಕೇಳ್ತು, ಅದನ್ನೂ ಸರಿಯಾಗೇ ಕೊಟ್ರಿ. ಆದ್ರೂ ಒಳಗೆ ಬಿಡಲ್ಲ. ಪಾಸ್‌ವರ್ಡ್ ಮೂಲಕ ಗುರುತು ಹಿಡಿಯೋದನ್ನ 2021ರ ಆಗಸ್ಟ್ 13ರಿಂದ ನಿಲ್ಲಿಸಿದ್ದೀವಿ ಅಂತ ಗಿಟ್‌ಹಬ್ ಹೇಳುತ್ತೆ. ವೆಬ್‌ಸೈಟ್‌ಗೆ ಬ್ರೌಸರ್‌ನಲ್ಲಿ ಲಾಗಿನ್ ಆಗೋಕೆ ಈಗಲೂ ಪಾಸ್‌ವರ್ಡ್ ನಡೆಯುತ್ತೆ. ಟರ್ಮಿನಲ್‌ನಿಂದ ಕೋಡ್ ಕಳಿಸೋಕೆ, ತರೋಕೆ ಮಾತ್ರ ನಡೆಯಲ್ಲ. ಅದಕ್ಕೆ ಇರೋದು ಮುಖ್ಯವಾಗಿ ಎರಡು ದಾರಿ. ಒಂದು ಟೋಕನ್, ಇನ್ನೊಂದು ಎಸ್‌ಎಸ್‌ಎಚ್ ಕೀ. ಇವತ್ತು ಎರಡನೇದರ ಬಗ್ಗೆ ಮಾತಾಡೋಣ.

ಇದನ್ನ ಹತ್ತು ನಿಮಿಷದಲ್ಲಿ ಸೆಟಪ್ ಮಾಡಬಹುದು. ಆದ್ರೆ ಅರ್ಥ ಮಾಡ್ಕೊಳ್ಳದೆ ಸೆಟಪ್ ಮಾಡಿದ್ರೆ ಅಪಾಯ ಇದೆ. ಯಾಕಂದ್ರೆ ಆ ಕೀಲಿ ಯಾರ ಕೈಲಿದೆಯೋ ಅವರೇ ನೀವು ಅಂತ ಗಿಟ್‌ಹಬ್ ನಂಬುತ್ತೆ.

ಮಾದರಿ ಸಹಿಯ ಲೆಕ್ಕ

ನಾನು ಬಿಕಾಂ ಓದಿದ್ದು. ಹಾಗಾಗಿ ನನಗೆ ಇದು ಅರ್ಥ ಆಗಿದ್ದು ಬ್ಯಾಂಕ್ ಲೆಕ್ಕದಲ್ಲಿ. ಅಕೌಂಟ್ ತೆರೆಯುವಾಗ ಬ್ಯಾಂಕ್‌ನವರು ನಿಮ್ಮಿಂದ ಮಾದರಿ ಸಹಿ ತಗೋತಾರಲ್ಲ? ಆಮೇಲೆ ನೀವು ಚೆಕ್ ಬರೆದಾಗ, ಅದರ ಮೇಲಿನ ಸಹಿಯನ್ನ ಆ ಮಾದರಿ ಜೊತೆ ಹೋಲಿಸಿ ನೋಡ್ತಾರೆ. ಎಸ್‌ಎಸ್‌ಎಚ್ ಕೀ ಕೂಡ ಹೆಚ್ಚು ಕಡಿಮೆ ಹಾಗೇ. ನೀವು ಒಂದು ಜೋಡಿ ಕೀ ಮಾಡ್ತೀರಿ. ಅದರಲ್ಲಿ ಪಬ್ಲಿಕ್ ಕೀಯನ್ನ ಗಿಟ್‌ಹಬ್‌ಗೆ ಕೊಡ್ತೀರಿ, ಅದು ಮಾದರಿ ಸಹಿ ಇದ್ದ ಹಾಗೆ. ಪ್ರೈವೇಟ್ ಕೀ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತೆ, ಅದು ಸಹಿ ಹಾಕೋ ಕೈ ಇದ್ದ ಹಾಗೆ.

ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಮಾದರಿ ಸಹಿ ಕಾರ್ಡ್ ಕಳ್ಳನ ಕೈಗೆ ಸಿಕ್ರೆ ಅದನ್ನ ನೋಡ್ಕೊಂಡು ನಕಲಿ ಸಹಿ ಹಾಕಬಹುದು. ಇಲ್ಲಿ ಹಾಗಾಗಲ್ಲ. ಪಬ್ಲಿಕ್ ಕೀ ನೋಡಿ ಸಹಿ ಸರಿ ಇದೆಯಾ ಅಂತ ಪರೀಕ್ಷೆ ಮಾಡಬಹುದು ಅಷ್ಟೇ, ಸಹಿ ಹಾಕೋಕೆ ಆಗಲ್ಲ. ಅದರಿಂದ ಪ್ರೈವೇಟ್ ಕೀ ಲೆಕ್ಕ ಹಾಕಿ ತೆಗೀತೀನಿ ಅಂತ ಹೊರಟ್ರೆ ಇವತ್ತಿನ ಯಾವ ಕಂಪ್ಯೂಟರ್‌ಗೂ ಆಗೋ ಕೆಲಸ ಅಲ್ಲ. ಅದಕ್ಕೇ ಪಬ್ಲಿಕ್ ಕೀ ಬಗ್ಗೆ ಗಿಟ್‌ಹಬ್ ಗುಟ್ಟೇ ಮಾಡಲ್ಲ. ಗಿಟ್‌ಹಬ್ ವಿಳಾಸದ ಮುಂದೆ ಯಾರದೇ ಯೂಸರ್‌ನೇಮ್ ಹಾಕಿ, ಕೊನೆಗೆ ಡಾಟ್ ಕೀಸ್ ಅಂತ ಸೇರಿಸಿದ್ರೆ ಅವರ ಪಬ್ಲಿಕ್ ಕೀಗಳು ಬ್ರೌಸರ್‌ನಲ್ಲೇ ಕಾಣುತ್ತವೆ. ನಿಮ್ಮದೂ ಅಷ್ಟೇ.

ಪ್ರತಿ ಸಲ ಕನೆಕ್ಟ್ ಆದಾಗ ಏನಾಗುತ್ತೆ? ಎರಡೂ ಕಡೆಯವರು ಸೇರಿ ಆ ಸೆಷನ್‌ಗೆ ಮಾತ್ರ ಸೇರಿದ ಒಂದು ಹೊಸ ಗುರುತು ಸಂಖ್ಯೆ ಮಾಡ್ಕೋತಾರೆ. ನಿಮ್ಮ ಕಂಪ್ಯೂಟರ್ ಆ ಸಂಖ್ಯೆ ಇರೋ ಮೆಸೇಜ್ ಮೇಲೆ ಪ್ರೈವೇಟ್ ಕೀಯಿಂದ ಸಹಿ ಹಾಕಿ ಕಳಿಸುತ್ತೆ. ಗಿಟ್‌ಹಬ್ ಅದನ್ನ ಪಬ್ಲಿಕ್ ಕೀ ಜೊತೆ ಹೋಲಿಸಿ ನೋಡುತ್ತೆ. ಮುಂದಿನ ಸಲ ಸಂಖ್ಯೆಯೇ ಬೇರೆ, ಹಾಗಾಗಿ ಹಳೇ ಸಹಿಯನ್ನ ಯಾರಾದ್ರೂ ಹಿಡಿದಿಟ್ಕೊಂಡಿದ್ರೂ ಉಪಯೋಗ ಇಲ್ಲ. ಪ್ರೈವೇಟ್ ಕೀ ನಿಮ್ಮ ಕಂಪ್ಯೂಟರ್ ಬಿಟ್ಟು ಆಚೆ ಹೋಗೋದೇ ಇಲ್ಲ. ಪಾಸ್‌ವರ್ಡ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಪಾಸ್‌ವರ್ಡ್‌ನ ಪ್ರತಿ ಸಲ ಆ ಕಡೆಗೆ ಕಳಿಸಲೇಬೇಕು.

ಎಸ್‌ಎಸ್‌ಎಚ್ ಹುಟ್ಟಿದ್ದೂ ಇದೇ ಕಾರಣಕ್ಕೆ. 1995ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿಸ್ಕೊಳ್ತಿದ್ರು. ಆಗೆಲ್ಲ ಟೆಲ್ನೆಟ್ ಕಾಲ, ಪಾಸ್‌ವರ್ಡ್ ತಂತಿಯಲ್ಲಿ ಬಟಾಬಯಲಾಗೇ ಹೋಗ್ತಿತ್ತು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಅದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ಬರೆದ್ರು. ಎಫ್‌ಟಿಪಿಗೆ 21ನೇ ಪೋರ್ಟ್, ಟೆಲ್ನೆಟ್‌ಗೆ 23. ಮಧ್ಯದ 22 ಖಾಲಿ ಇತ್ತು, ಅದನ್ನ ಕೇಳಿ ಪಡೆದ್ರು. ಇವತ್ತಿಗೂ ಎಸ್‌ಎಸ್‌ಎಚ್ ಪೋರ್ಟ್ ಅದೇ. ಈಗ ನಮ್ಮ ನಿಮ್ಮ ಕಂಪ್ಯೂಟರ್‌ಗಳಲ್ಲಿರೋದು ಹೆಚ್ಚಾಗಿ ಓಪನ್‌ಎಸ್‌ಎಸ್‌ಎಚ್, 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಬಿಡುಗಡೆ ಮಾಡಿದ ಉಚಿತ ಆವೃತ್ತಿ.

ಈಗ ಕೀ ಮಾಡೋಣ

ಮ್ಯಾಕ್, ಲಿನಕ್ಸ್‌ನಲ್ಲಿ ಟರ್ಮಿನಲ್ ತೆಗೀರಿ. ವಿಂಡೋಸ್ 10 ಅಥವಾ 11 ಆದ್ರೆ ಪವರ್‌ಶೆಲ್ ಸಾಕು, ಇಲ್ಲಾಂದ್ರೆ ಗಿಟ್ ಜೊತೆ ಬರೋ ಗಿಟ್ ಬ್ಯಾಶ್ ತೆಗೀರಿ.

ಲ್ಯಾಪ್‌ಟಾಪ್ ಇಲ್ಲ, ಫೋನೇ ಎಲ್ಲ ಅನ್ನೋರು ಬೇಜಾರು ಮಾಡ್ಕೋಬೇಡಿ. ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಅನ್ನೋ ಆ್ಯಪ್ ಇದೆ. ಅದರಲ್ಲಿ 'ಪಿಕೆಜಿ ಇನ್‌ಸ್ಟಾಲ್ ಗಿಟ್ ಓಪನ್‌ಎಸ್‌ಎಸ್‌ಎಚ್' ಕೊಟ್ರೆ ಮುಂದಿನದೆಲ್ಲ ಫೋನ್‌ನಲ್ಲೇ ಮಾಡಬಹುದು. ಒಂದೇ ಎಚ್ಚರಿಕೆ: ಕೀ ಫೈಲ್‌ನ ಟರ್ಮಕ್ಸ್‌ನ ಸ್ವಂತ ಹೋಮ್ ಫೋಲ್ಡರ್‌ನಲ್ಲೇ ಬಿಡಿ. ಡೌನ್‌ಲೋಡ್ಸ್ ಫೋಲ್ಡರ್‌ಗೋ ಎಸ್‌ಡಿ ಕಾರ್ಡ್‌ಗೋ ಹಾಕಿದ್ರೆ, ಸ್ಟೋರೇಜ್ ಅನುಮತಿ ಇರೋ ಬೇರೆ ಆ್ಯಪ್‌ಗಳಿಗೂ ಅದು ಸಿಗಬಹುದು.

ಮೊದಲ ಹೆಜ್ಜೆ, ಇರೋದನ್ನ ನೋಡಿ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ 'ಡಾಟ್ ಎಸ್‌ಎಸ್‌ಎಚ್' ಅನ್ನೋ ಫೋಲ್ಡರ್ ಇದೆಯಾ? ಅದರೊಳಗೆ 'ಐಡಿ' ಅಂತ ಶುರುವಾಗೋ ಫೈಲ್‌ಗಳು ಇವೆಯಾ? ಇದ್ರೆ ನಿಮ್ಮ ಹತ್ರ ಈಗಾಗಲೇ ಕೀ ಇದೆ. ಅದನ್ನ ಅಳಿಸಿ ಹೊಸದು ಬರೆಯೋಕೆ ಹೋಗಬೇಡಿ. ಬೇರೆ ಸರ್ವರ್‌ಗೆ ಅದೇ ಕೀ ಬಳಸ್ತಿದ್ರೆ ಆ ಬಾಗಿಲು ಮುಚ್ಚಿಹೋಗುತ್ತೆ.

ಎರಡನೇ ಹೆಜ್ಜೆ, ಕಮಾಂಡ್. ಓದಿ ಹೇಳ್ತೀನಿ: 'ಎಸ್‌ಎಸ್‌ಎಚ್' ಹೈಫನ್ 'ಕೀಜೆನ್', ಸ್ಪೇಸ್, ಹೈಫನ್ 'ಟಿ', ಸ್ಪೇಸ್, 'ಇಡಿ25519'. ಕೊನೇದು 'ಇಡಿ' ಆದ್ಮೇಲೆ 25519 ಅನ್ನೋ ಅಂಕಿ, ಮಧ್ಯ ಸ್ಪೇಸ್ ಇಲ್ಲ. ಇದು ಕೀಯ ಜಾತಿ. ಹಳೇ ಟ್ಯುಟೋರಿಯಲ್‌ಗಳಲ್ಲಿ ಆರ್‌ಎಸ್‌ಎ ಅಂತ ಇರುತ್ತೆ. ಅದನ್ನ 4096 ಬಿಟ್ ಇಟ್ಟು ಮಾಡಿದ್ರೆ ಈಗಲೂ ನಡೆಯುತ್ತೆ. ಆದ್ರೆ ಇಡಿ25519 ಚಿಕ್ಕದು, ವೇಗ ಜಾಸ್ತಿ. ಪಬ್ಲಿಕ್ ಕೀ 80 ಅಕ್ಷರದ ಒಂದು ಸಾಲು ಅಷ್ಟೇ, ಆರ್‌ಎಸ್‌ಎ 4096 ಆದ್ರೆ 700 ದಾಟುತ್ತೆ. ಡಿಎಸ್‌ಎ ಅಂತ ಎಲ್ಲಾದ್ರೂ ಕಂಡ್ರೆ ಆ ಟ್ಯುಟೋರಿಯಲ್ ಅಲ್ಲಿಗೇ ಮುಚ್ಚಿ. ಗಿಟ್‌ಹಬ್ 2022ರಲ್ಲೇ ಅದನ್ನ ಕೈಬಿಟ್ಟಿದೆ.

ಕಮಾಂಡ್‌ನ ಕೊನೆಗೆ ಹೈಫನ್ ದೊಡ್ಡಕ್ಷರ 'ಸಿ' ಹಾಕಿ ಇಮೇಲ್ ಕೊಡಿ ಅಂತ ತುಂಬಾ ಕಡೆ ಬರೆದಿರ್ತಾರೆ. ಅದು ಬರೀ ಕಾಮೆಂಟ್, ಚೀಟಿ ಅಂಟಿಸಿದ ಹಾಗೆ. ಇಮೇಲ್ ಬದಲು 'ಮನೆ ಲ್ಯಾಪ್‌ಟಾಪ್' ಅಂತ ಇಂಗ್ಲಿಷ್‌ನಲ್ಲಿ ಬರೆದ್ರೂ ಕೀ ಕೆಲಸ ಮಾಡುತ್ತೆ.

ಫೈಲ್ ಎಲ್ಲಿ ಇಡಲಿ ಅಂತ ಕೇಳುತ್ತೆ, ಎಂಟರ್ ಒತ್ತಿ. ಆಮೇಲೆ ಪಾಸ್‌ಫ್ರೇಸ್ ಕೇಳುತ್ತೆ. ಟೈಪ್ ಮಾಡುವಾಗ ಸ್ಕ್ರೀನ್ ಮೇಲೆ ಚುಕ್ಕಿ ಕೂಡ ಕಾಣಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಅದು ಇರೋದೇ ಹಾಗೆ. ಟೈಪ್ ಮಾಡಿ ಎಂಟರ್ ಒತ್ತಿ, ಇನ್ನೊಂದ್ಸಲ ಕೇಳುತ್ತೆ, ಅದನ್ನೇ ಕೊಡಿ.

ಮೂರನೇ ಹೆಜ್ಜೆ, ಸರಿಯಾದ ಫೈಲ್ ಕಾಪಿ ಮಾಡಿ. ಈಗ ಎರಡು ಫೈಲ್ ಹುಟ್ಟಿವೆ. ಒಂದರ ಕೊನೆಗೆ 'ಡಾಟ್ ಪಬ್' ಇರುತ್ತೆ, ಇನ್ನೊಂದಕ್ಕೆ ಇರಲ್ಲ. ಡಾಟ್ ಪಬ್ ಇರೋದು ಊರಿಗೆಲ್ಲ ತೋರಿಸೋದು. ಇಲ್ಲದೇ ಇರೋದು ಯಾರಿಗೂ ತೋರಿಸದೇ ಇರೋದು. ಡಾಟ್ ಪಬ್ ಫೈಲ್ ತೆಗೆದ್ರೆ 'ಎಸ್‌ಎಸ್‌ಎಚ್-ಇಡಿ25519' ಅಂತ ಶುರುವಾಗೋ ಒಂದೇ ಸಾಲು ಕಾಣುತ್ತೆ, ಅದನ್ನ ಪೂರ್ತಿ ಕಾಪಿ ಮಾಡಿ. 'ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ' ಅಂತ ಕಂಡ್ರೆ ನೀವು ತಪ್ಪು ಫೈಲ್ ತೆಗೆದಿದ್ದೀರಿ, ತಕ್ಷಣ ಮುಚ್ಚಿ.

ನಾಲ್ಕನೇ ಹೆಜ್ಜೆ, ಗಿಟ್‌ಹಬ್‌ಗೆ ಕೊಡಿ. ಸೆಟ್ಟಿಂಗ್ಸ್‌ನಲ್ಲಿ 'ಎಸ್‌ಎಸ್‌ಎಚ್ ಆ್ಯಂಡ್ ಜಿಪಿಜಿ ಕೀಸ್', ಅಲ್ಲಿ 'ನ್ಯೂ ಎಸ್‌ಎಸ್‌ಎಚ್ ಕೀ'. ಟೈಟಲ್ ಜಾಗದಲ್ಲಿ ಯಾವ ಮೆಷಿನ್ ಅಂತ ಬರೀರಿ. 'ಮೈ ಕೀ' ಅಂತ ಮಾತ್ರ ಬರೀಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಕೀ ಪೇಸ್ಟ್ ಮಾಡಿ, ಸೇವ್ ಮಾಡಿ.

ಐದನೇ ಹೆಜ್ಜೆ, ಪರೀಕ್ಷೆ. ಟರ್ಮಿನಲ್‌ನಲ್ಲಿ 'ಎಸ್‌ಎಸ್‌ಎಚ್', ಸ್ಪೇಸ್, ಹೈಫನ್ ದೊಡ್ಡಕ್ಷರ 'ಟಿ', ಸ್ಪೇಸ್, 'ಗಿಟ್ ಅಟ್ ಗಿಟ್‌ಹಬ್ ಡಾಟ್ ಕಾಮ್'. ಇಲ್ಲಿ 'ಗಿಟ್' ಅನ್ನೋ ಜಾಗಕ್ಕೆ ನಿಮ್ಮ ಯೂಸರ್‌ನೇಮ್ ಹಾಕಬೇಡಿ. ಎಲ್ಲರೂ 'ಗಿಟ್' ಅನ್ನೋ ಹೆಸರಲ್ಲೇ ಹೋಗ್ತಾರೆ, ಯಾರು ಯಾರು ಅಂತ ಗಿಟ್‌ಹಬ್ ಕಂಡುಹಿಡಿಯೋದು ಕೀ ನೋಡಿ. ಅದಕ್ಕೇ ಒಂದೇ ಕೀಯನ್ನ ಎರಡು ಅಕೌಂಟ್‌ಗೆ ಹಾಕೋಕೆ ಬಿಡಲ್ಲ. ಆಫೀಸ್‌ಗೊಂದು, ಸ್ವಂತಕ್ಕೊಂದು ಅಕೌಂಟ್ ಇದ್ರೆ ಎರಡು ಕೀ ಬೇಕೇ ಬೇಕು.

ಎಲ್ಲ ಸರಿ ಇದ್ರೆ ನಿಮ್ಮ ಹೆಸರು ಹಿಡಿದು ಹಾಯ್ ಹೇಳುತ್ತೆ. ಜೊತೆಗೆ 'ಶೆಲ್ ಆಕ್ಸೆಸ್ ಕೊಡಲ್ಲ' ಅಂತಾನೂ ಬರುತ್ತೆ. ಅದು ಎರರ್ ಅಲ್ಲ, ಕೆಲಸ ಆಗಿದೆ ಅಂತಾನೇ ಅರ್ಥ.

ಆ 'ಯೆಸ್' ಒತ್ತೋ ಮುಂಚೆ

ಮೊದಲ ಸಲ ಕನೆಕ್ಟ್ ಆಗುವಾಗ ಒಂದು ಪ್ರಶ್ನೆ ಬರುತ್ತೆ. ಈ ಸರ್ವರ್ ನನಗೆ ಪರಿಚಯ ಇಲ್ಲ, ಇದರ ಫಿಂಗರ್‌ಪ್ರಿಂಟ್ ಇದು, ಮುಂದುವರಿಯಲಾ ಅಂತ. ಎಲ್ಲರೂ ಕಣ್ಮುಚ್ಚಿ ಯೆಸ್ ಅಂತಾರೆ. ಗಿಟ್‌ಹಬ್ ನಿಮ್ಮನ್ನ ಗುರುತು ಹಿಡಿಯೋ ಹಾಗೆ, ನೀವೂ ಗಿಟ್‌ಹಬ್‌ನ ಗುರುತು ಹಿಡೀಬೇಕು. ಅದಕ್ಕೇ ಆ ಪ್ರಶ್ನೆ. ಮಧ್ಯದಲ್ಲಿ ಯಾರಾದ್ರೂ ಗಿಟ್‌ಹಬ್ ವೇಷ ಹಾಕ್ಕೊಂಡು ಕೂತಿದ್ರೆ? ಅಸಲಿ ಫಿಂಗರ್‌ಪ್ರಿಂಟ್‌ಗಳು ಗಿಟ್‌ಹಬ್‌ನ ಡಾಕ್ಯುಮೆಂಟೇಶನ್ ಪುಟದಲ್ಲಿವೆ. ಒಂದು ನಿಮಿಷ ಹೋಲಿಸಿ ನೋಡಿ, ಆಮೇಲೆ ಯೆಸ್ ಅನ್ನಿ. ಒಂದ್ಸಲ ಒಪ್ಪಿಕೊಂಡ್ರೆ ನಿಮ್ಮ ಕಂಪ್ಯೂಟರ್ ಅದನ್ನ 'ನೋನ್ ಹೋಸ್ಟ್ಸ್' ಅನ್ನೋ ಫೈಲ್‌ನಲ್ಲಿ ನೆನಪಿಟ್ಕೊಳ್ಳುತ್ತೆ. ಮುಂದೆ ಬದಲಾದ್ರೆ ಕೂಗಾಡುತ್ತೆ.

ಅದು ನಿಜವಾಗ್ಲೂ ಒಂದ್ಸಲ ಕೂಗಾಡಿತು. 2023ರ ಮಾರ್ಚ್ 24ಕ್ಕೆ ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀಯನ್ನೇ ಬದಲಾಯಿಸಿತು. ಕಾರಣ? ಅದರ ಪ್ರೈವೇಟ್ ಕೀ ಸ್ವಲ್ಪ ಹೊತ್ತು ಒಂದು ಪಬ್ಲಿಕ್ ರೆಪೊಸಿಟರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಬಿದ್ದಿತ್ತು. ದುರುಪಯೋಗ ಆಗಿದೆ ಅನ್ನೋಕೆ ಯಾವ ಕಾರಣವೂ ಕಾಣ್ತಿಲ್ಲ ಅಂತ ಗಿಟ್‌ಹಬ್ ಹೇಳಿತು, ಆದ್ರೂ ಕೀ ಬದಲಾಯಿಸಿತು. ಅವತ್ತು ಪ್ರಪಂಚದಾದ್ಯಂತ ಡೆವಲಪರ್‌ಗಳ ಸ್ಕ್ರೀನ್ ಮೇಲೆ 'ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್' ಅನ್ನೋ ದೊಡ್ಡ ಎಚ್ಚರಿಕೆ ಬಂತು. ಇಡಿ25519 ಹೋಸ್ಟ್ ಕೀ ಬಳಸ್ತಿದ್ದವರಿಗೆ ಏನೂ ಆಗ್ಲಿಲ್ಲ.

ಇದರಿಂದ ಕಲೀಬೇಕಾದ್ದು ಒಂದೇ. ಪ್ರೈವೇಟ್ ಕೀ ಒಂದ್ಸಲ ಆಚೆ ಕಂಡ್ರೆ, ಆ ಫೈಲ್ ಡಿಲೀಟ್ ಮಾಡಿದ್ರೆ ಸಾಲದು. ಗಿಟ್‌ನ ಇತಿಹಾಸದಲ್ಲಿ ಅದು ಹಾಗೇ ಉಳಿದಿರುತ್ತೆ. ಅಷ್ಟೊತ್ತಿಗೆ ಯಾರು ಕಾಪಿ ಮಾಡ್ಕೊಂಡ್ರೋ ಗೊತ್ತಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬೀಗವನ್ನೇ ಬದಲಾಯಿಸಬೇಕು.

ಪಾಸ್‌ಫ್ರೇಸ್ ಯಾಕೆ ಬೇಕು?

ಪಾಸ್‌ಫ್ರೇಸ್ ಕೇಳಿದಾಗ ಎರಡು ಸಲ ಎಂಟರ್ ಒತ್ತಿ ಮುಂದೆ ಹೋಗಿ ಅಂತ ಎಷ್ಟೋ ವಿಡಿಯೋಗಳಲ್ಲಿ ಹೇಳಿಕೊಡ್ತಾರೆ. ಹಾಗೆ ಮಾಡಿದ್ರೆ ಪ್ರೈವೇಟ್ ಕೀ ಬರೀ ಒಂದು ಟೆಕ್ಸ್ಟ್ ಫೈಲ್. ಯಾರು ಕಾಪಿ ಮಾಡ್ಕೊಂಡ್ರೂ ಅವರದೇ.

ಕಾಪಿ ಮಾಡ್ಕೊಳ್ಳೋರು ಯಾರು ಅಂತೀರಾ? 2025ರ ಆಗಸ್ಟ್‌ನಲ್ಲಿ ಜಾವಾಸ್ಕ್ರಿಪ್ಟ್ ಡೆವಲಪರ್‌ಗಳು ಬಳಸೋ 'ಎನ್‌ಎಕ್ಸ್' ಅನ್ನೋ ಟೂಲ್‌ನ ಕೆಲವು ಆವೃತ್ತಿಗಳಲ್ಲಿ ದಾಳಿಕೋರರು ಕಳ್ಳ ಕೋಡ್ ಸೇರಿಸಿ ಎನ್‌ಪಿಎಂಗೆ ಹಾಕಿದ್ರು. ಅದನ್ನ ಇನ್‌ಸ್ಟಾಲ್ ಮಾಡಿದವರ ಕಂಪ್ಯೂಟರ್‌ನಲ್ಲಿ ಆ ಕೋಡ್ ಹುಡುಕಿದ್ದು ಏನನ್ನ ಗೊತ್ತಾ? ಎಸ್‌ಎಸ್‌ಎಚ್ ಕೀ, ಟೋಕನ್, ಕ್ರಿಪ್ಟೋ ವ್ಯಾಲೆಟ್. ಸಿಕ್ಕಿದ್ದನ್ನ ಆ ಡೆವಲಪರ್‌ನದೇ ಗಿಟ್‌ಹಬ್ ಅಕೌಂಟ್‌ನಲ್ಲಿ ಪಬ್ಲಿಕ್ ರೆಪೊಸಿಟರಿ ಮಾಡಿ ಅಲ್ಲಿಗೇ ಏರಿಸಿತ್ತು. ಅಲ್ಲಿ ಯಾರೂ ಪಾಸ್‌ವರ್ಡ್ ಊಹಿಸ್ಲಿಲ್ಲ, ಫೋನ್ ಮಾಡಿ ಒಟಿಪಿ ಕೇಳ್ಲಿಲ್ಲ.

ಪಾಸ್‌ಫ್ರೇಸ್ ಇದ್ರೆ ಕೀ ಫೈಲ್ ಎನ್‌ಕ್ರಿಪ್ಟ್ ಆಗಿರುತ್ತೆ. ಕದ್ದವರಿಗೆ ಸಿಗೋದು ಬೀಗ ಹಾಕಿದ ಪೆಟ್ಟಿಗೆ. ಅದನ್ನ ಒಡೆಯೋಕೆ ಅವರು ಒದ್ದಾಡೋ ಹೊತ್ತಿಗೆ ನೀವು ಕೀಯನ್ನ ರದ್ದು ಮಾಡಬಹುದು. ಸಂಬಂಧ ಇಲ್ಲದ ನಾಲ್ಕೈದು ಪದ ಜೋಡಿಸಿ ಇಡಿ, ಕನ್ನಡ ಪದಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೂ ನಡೆಯುತ್ತೆ. ಹುಟ್ಟಿದ ದಿನಾಂಕ ಬೇಡ.

ಪ್ರತಿ ಪುಶ್‌ಗೂ ಟೈಪ್ ಮಾಡೋದು ಕಿರಿಕಿರಿ ಅನ್ನೋರಿಗೆ 'ಎಸ್‌ಎಸ್‌ಎಚ್ ಏಜೆಂಟ್' ಇದೆ. 'ಎಸ್‌ಎಸ್‌ಎಚ್' ಹೈಫನ್ 'ಆ್ಯಡ್' ಅಂತ ಕೊಟ್ಟು ಒಂದ್ಸಲ ಪಾಸ್‌ಫ್ರೇಸ್ ಹೇಳಿದ್ರೆ ಏಜೆಂಟ್ ಬೀಗ ತೆಗೆದ ಕೀಯನ್ನ ಮೆಮೊರಿಯಲ್ಲಿ ಇಟ್ಕೊಳ್ಳುತ್ತೆ. ಈಗಾಗಲೇ ಪಾಸ್‌ಫ್ರೇಸ್ ಇಲ್ಲದೆ ಕೀ ಮಾಡಿದ್ದೀರಾ? ಹೊಸ ಕೀ ಬೇಕಿಲ್ಲ. 'ಎಸ್‌ಎಸ್‌ಎಚ್' ಹೈಫನ್ 'ಕೀಜೆನ್', ಸ್ಪೇಸ್, ಹೈಫನ್ ಸಣ್ಣಕ್ಷರ 'ಪಿ'. ಅದೇ ಕೀಗೆ ಪಾಸ್‌ಫ್ರೇಸ್ ಸೇರಿಸಬಹುದು.

ಕೆಲಸ ಮಾಡ್ತಿಲ್ವಾ?

'ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ' ಅಂತ ಬಂದ್ರೆ ಸಾಮಾನ್ಯವಾಗಿ ಮೂರು ಕಾರಣ: ಪಬ್ಲಿಕ್ ಕೀ ಗಿಟ್‌ಹಬ್‌ಗೆ ಹಾಕಿಲ್ಲ, ಬೇರೆ ಅಕೌಂಟ್‌ಗೆ ಹಾಕಿದ್ದೀರಿ, ಅಥವಾ ಕೀ ಫೈಲ್‌ಗೆ ಬೇರೆ ಹೆಸರು ಇಟ್ಟಿರೋದ್ರಿಂದ ಎಸ್‌ಎಸ್‌ಎಚ್‌ಗೆ ಅದು ಸಿಗ್ತಿಲ್ಲ.

ಪರೀಕ್ಷೆಯಲ್ಲಿ ಹಾಯ್ ಬಂತು, ಆದ್ರೆ ಪುಶ್ ಕೊಟ್ರೆ ಇನ್ನೂ ಪಾಸ್‌ವರ್ಡ್ ಕೇಳ್ತಿದೆಯಾ? ನಿಮ್ಮ ಪ್ರಾಜೆಕ್ಟ್ ಇನ್ನೂ ಎಚ್‌ಟಿಟಿಪಿಎಸ್ ವಿಳಾಸದಲ್ಲೇ ಇದೆ. ಎಚ್‌ಟಿಟಿಪಿಎಸ್ ದಾರಿಯಲ್ಲಿ ಹೋದ್ರೆ ಎಸ್‌ಎಸ್‌ಎಚ್ ಕೀ ಲೆಕ್ಕಕ್ಕೇ ಬರಲ್ಲ. 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್' ಅಂತ ಕೊಟ್ಟು, ಮುಂದೆ 'ಗಿಟ್ ಅಟ್' ಅಂತ ಶುರುವಾಗೋ ವಿಳಾಸ ಹಾಕಿ. ರೆಪೊಸಿಟರಿ ಪುಟದ ಕೋಡ್ ಬಟನ್ ಒತ್ತಿದ್ರೆ ಎಸ್‌ಎಸ್‌ಎಚ್ ಟ್ಯಾಬ್‌ನಲ್ಲಿ ಆ ವಿಳಾಸ ಸಿಗುತ್ತೆ.

ಏನೂ ಉತ್ತರ ಬರದೆ ಸುಮ್ನೆ ನಿಂತುಬಿಟ್ರೆ ಕಾಲೇಜು ಅಥವಾ ಆಫೀಸ್ ವೈಫೈಯಲ್ಲಿ 22ನೇ ಪೋರ್ಟ್ ಮುಚ್ಚಿರಬಹುದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಆದ್ರೆ ಅನುಮಾನ ನಿಜ. ಗಿಟ್‌ಹಬ್ ಇದಕ್ಕೂ ಒಂದು ಹಿಂಬಾಗಿಲು ಇಟ್ಟಿದೆ: 'ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್', ಪೋರ್ಟ್ 443. ಕಾಲೇಜಿನ ನಿಯಮ ಏನು ಅಂತ ಒಂದ್ಸಲ ಕೇಳಿ, ಆಮೇಲೆ ಬಳಸಿ.

ಕೊಡೋದು ಸುಲಭ, ವಾಪಸ್ ತಗೊಳ್ಳೋದು ಮರೆಯುತ್ತೆ

2012ರ ಮಾರ್ಚ್‌ನಲ್ಲಿ ರಷ್ಯಾದ ಎಗೋರ್ ಹೊಮಕೋವ್ ಅನ್ನೋ ಪ್ರೋಗ್ರಾಮರ್, ಗಿಟ್‌ಹಬ್‌ನ ಒಂದು ಫಾರ್ಮ್‌ನಲ್ಲಿದ್ದ ದೋಷ ಬಳಸಿ ತನ್ನ ಪಬ್ಲಿಕ್ ಕೀಯನ್ನ ರೂಬಿ ಆನ್ ರೈಲ್ಸ್ ತಂಡದ ಹೆಸರಿಗೆ ಸೇರಿಸಿಬಿಟ್ಟ. ದೋಷ ಎಷ್ಟು ಗಂಭೀರ ಅಂತ ತೋರಿಸೋಕೆ ಅವರ ರೆಪೊಸಿಟರಿಗೇ ಒಂದು ಕಮಿಟ್ ಹಾಕಿದ. ಯಾರ ಪಾಸ್‌ವರ್ಡೂ ಕದೀಲಿಲ್ಲ, ಯಾರ ಪ್ರೈವೇಟ್ ಕೀಯೂ ಕದೀಲಿಲ್ಲ. ಪಟ್ಟಿಗೆ ಒಂದು ಸಾಲು ಸೇರಿಸಿದ ಅಷ್ಟೇ. ಆಮೇಲೆ ಗಿಟ್‌ಹಬ್, ನಿಮ್ಮ ಕೀಗಳನ್ನ ನೋಡಿ ಒಪ್ಪಿಗೆ ಕೊಡಿ, ಅಲ್ಲಿವರೆಗೆ ಎಸ್‌ಎಸ್‌ಎಚ್ ಬಳಸೋ ಹಾಗಿಲ್ಲ ಅಂತ ಬಳಕೆದಾರರಿಗೆಲ್ಲ ಹೇಳಿತು.

ಹಾಗಾಗಿ ನಿಮ್ಮ ಪಟ್ಟಿಯನ್ನ ಆಗಾಗ ನೋಡಿ. ಪ್ರತಿ ಕೀ ಪಕ್ಕದಲ್ಲಿ ಕೊನೇ ಸಲ ಯಾವಾಗ ಬಳಕೆ ಆಯ್ತು ಅಂತ ಇರುತ್ತೆ. ಮೆಷಿನ್ ಹೆಸರು ಬರೀರಿ ಅಂದಿದ್ದು ಇದಕ್ಕೇ. ಲ್ಯಾಪ್‌ಟಾಪ್ ಬಸ್‌ನಲ್ಲಿ ಕಳೆದುಹೋದ ದಿನ, ಪಟ್ಟಿಯಲ್ಲಿ 'ಮೈ ಕೀ', 'ಮೈ ಕೀ 2', 'ನ್ಯೂ ಕೀ' ಅಂತ ಇದ್ರೆ ಯಾವುದನ್ನ ಡಿಲೀಟ್ ಮಾಡ್ತೀರಿ?

ಇನ್ನೊಂದು ಮಾತು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಗಿಟ್‌ಹಬ್ ಪಾಸ್‌ವರ್ಡ್ ಬದಲಾಯಿಸಿದ್ರೆ ಎಸ್‌ಎಸ್‌ಎಚ್ ಕೀ ರದ್ದಾಗಲ್ಲ. ಟೂ ಫ್ಯಾಕ್ಟರ್ ಆನ್ ಮಾಡಿದ್ರೂ ಎಸ್‌ಎಸ್‌ಎಚ್ ಮೂಲಕ ಬರುವಾಗ ಆ ಕೋಡ್ ಕೇಳಲ್ಲ. ಕೀಯನ್ನ ಪಟ್ಟಿಯಿಂದ ತೆಗೆದ್ರೇನೇ ಆ ದಾರಿ ಮುಚ್ಚೋದು. ಒಂದು ವರ್ಷ ಬಳಸದ ಕೀಯನ್ನ ಗಿಟ್‌ಹಬ್ ತಾನಾಗೇ ತೆಗೆಯುತ್ತೆ, ಆದ್ರೆ ಕಳ್ಳ ಒಂದು ವರ್ಷ ಕಾಯ್ತಾನಾ?

ಕಾಲೇಜು ಲ್ಯಾಬ್‌ನಲ್ಲಿ, ನಾಲ್ಕು ಜನ ಬಳಸೋ ಕಂಪ್ಯೂಟರ್‌ನಲ್ಲಿ ಕೀ ಮಾಡಿಡಬೇಡಿ. ಅಲ್ಲಿ ಕಡಿಮೆ ಅವಧಿಯ, ಒಂದೇ ರೆಪೊಸಿಟರಿಗೆ ಸೀಮಿತವಾದ ಟೋಕನ್ ಬಳಸಿ, ಕೆಲಸ ಮುಗಿದ ಮೇಲೆ ತೆಗೀರಿ. ಸರ್ವರ್‌ಗೆ ಕೋಡ್ ಹಾಕ್ಬೇಕಾದ್ರೆ 'ಡಿಪ್ಲಾಯ್ ಕೀ' ಇದೆ, ಅದಕ್ಕೆ ಒಂದೇ ರೆಪೊಸಿಟರಿಯ ಬಾಗಿಲು ತೆಗೆಯೋ ಅಧಿಕಾರ. ಹೊಸ ಲ್ಯಾಪ್‌ಟಾಪ್ ತಗೊಂಡ್ರೆ ಹಳೇ ಪ್ರೈವೇಟ್ ಕೀಯನ್ನ ವಾಟ್ಸ್‌ಆ್ಯಪ್‌ನಲ್ಲೋ ಡ್ರೈವ್‌ನಲ್ಲೋ ಹಾಕಿ ಸಾಗಿಸಬೇಡಿ. ಹೊಸ ಮೆಷಿನ್‌ಗೆ ಹೊಸ ಕೀ, ಹಳೇದು ಡಿಲೀಟ್. ಕೀ ಮಾಡೋಕೆ ದುಡ್ಡೇನೂ ಕೊಡ್ಬೇಕಿಲ್ಲ.

ಇದೇ ಸೆಟಪ್ ಗಿಟ್‌ಲ್ಯಾಬ್, ಬಿಟ್‌ಬಕೆಟ್‌ಗೂ ನಡೆಯುತ್ತೆ, ಸೆಟ್ಟಿಂಗ್ಸ್ ಪುಟ ಮಾತ್ರ ಬೇರೆ. ಈ ಎಪಿಸೋಡ್ ಕೇಳ್ತಿರೋ ಫೋನ್‌ನಲ್ಲೇ ಈಗ ಗಿಟ್‌ಹಬ್ ತೆಗೀರಿ, ಕೀಗಳ ಪಟ್ಟಿ ನೋಡಿ. ಗುರುತು ಸಿಗದ ಒಂದೇ ಒಂದು ಸಾಲು ಕಂಡ್ರೂ ಡಿಲೀಟ್ ಒತ್ತಿ. ಅದು ನಿಮ್ಮದೇ ಆಗಿದ್ರೆ ಮತ್ತೊಂದ್ಸಲ ಹಾಕ್ಕೊಳ್ಳೋಕೆ ಎರಡು ನಿಮಿಷ ಸಾಕು.

ಪ್ರಶ್ನೆ ಇದ್ರೆ ಕಳಿಸಿ.